ಸೆಕೆಂಡಿಗೆ ಅರುವತ್ತು ಸಲ ಸ್ಟಾರ್ಟ್ ಆಗುವ ಪಂಪು

ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಅಣ್ಣನ ಮನೆ. ಅವನ ಮಗ ತನ್ನ ಗೇಮಿಂಗ್ ಕಂಪ್ಯೂಟರಿಗೆ, ಪರದೆಯ ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡು ಹೊಸದು ಹಾಕಿದ. ಹಳೆಯದು 125 ವ್ಯಾಟ್‌ನದ್ದು, ಹೊಸದು 320. ಡೆಸ್ಕ್‌ಟಾಪ್ ಬಂತು, ಯೂಟ್ಯೂಬ್ ಓಡಿತು, ಎಲ್ಲ ಚಂದ. ಕಾರು ಓಡಿಸುವ ಒಂದು ಗೇಮು ತೆರೆದ. ಕಾರು ಮೊದಲ ತಿರುವು ದಾಟುವುದರೊಳಗೆ ಪರದೆ ಕಪ್ಪು. ಒಳಗೆಲ್ಲೋ ಟಿಕ್ ಅಂತ ಒಂದು ಸದ್ದು. ಫ್ಯಾನು ಒಮ್ಮೆ ನಿಧಾನವಾಗಿ ಮತ್ತೆ ತಿರುಗಿತು. ಕಂಪ್ಯೂಟರ್ ತಾನಾಗಿಯೇ ಮೊದಲಿನಿಂದ ಶುರು. ವಿಂಡೋಸ್ ಕೆಟ್ಟಾಗ ಬರುವ ನೀಲಿ ಪರದೆ ಇಲ್ಲ, ಎಚ್ಚರಿಕೆಯ ಒಂದು ಸಾಲೂ ಇಲ್ಲ.

ಮನೆಗೆ ಬಂದವರೆಲ್ಲ ಒಂದೊಂದು ಕಾರಣ ಹೇಳಿದರು. ವೈರಸ್ ಅಂದರು. ಹೀಟ್ ಅಂದರು. ನಮ್ಮೂರಿನ ಕರೆಂಟೇ ಸರಿ ಇಲ್ಲ ಅಂದರು. ಅಜ್ಜಿ ದೃಷ್ಟಿ ಅಂದರು. ಪೇಟೆಯ ಅಂಗಡಿಯವನು ಮಾತ್ರ ಯೋಚನೆಯನ್ನೇ ಮಾಡದೆ, ‘ಫಾರ್ಮ್ಯಾಟ್ ಮಾಡಿದ್ರೆ ಸರಿಯಾಗ್ತದೆ’ ಅಂದ. ಇದ್ದದ್ದನ್ನೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಯೂ ಕೊಟ್ಟ.

ನೋಡಿ, ಸರಿಯಾಯಿತು! ಮೂರು ದಿನ ಕಂಪ್ಯೂಟರ್ ಒಮ್ಮೆಯೂ ಬೀಳಲಿಲ್ಲ. ಯಾಕೆ ಅಂದರೆ, ಆ ಮೂರು ದಿನವೂ ನಮ್ಮೂರಿನ ನೆಟ್ ವೇಗದಲ್ಲಿ ಗೇಮು ಮತ್ತೆ ಡೌನ್‌ಲೋಡ್ ಆಗುತ್ತಾ ಇತ್ತು. ಆಡಿದರಲ್ವಾ ಬೀಳುವುದು? ನಾಲ್ಕನೇ ದಿನ ಗೇಮು ತೆರೆದ, ಅದೇ ತಿರುವು, ಅದೇ ಟಿಕ್. ದೃಷ್ಟಿ ತೆಗೆದರೆ ವಾಸಿಯಾಗುತ್ತದೆ ಅನ್ನುವವರನ್ನು ನೋಡಿ ನಗುವ ನಾವು, ಫಾರ್ಮ್ಯಾಟ್ ಅನ್ನುವ ಈ ಮಂತ್ರವನ್ನು ಒಂದು ಮಾತೂ ಕೇಳದೆ ನಂಬುತ್ತೇವೆ. ಅಜ್ಜಿಯ ಮದ್ದಿಗೆ ನಾಲ್ಕು ಕಾಳು ಮೆಣಸು ಸಾಕು. ಇದಕ್ಕೆ 500 ರೂಪಾಯಿ, ಜೊತೆಗೆ ಅವನು ಸೇವ್ ಮಾಡಿಟ್ಟಿದ್ದ ಅಷ್ಟೂ ಗೇಮು.

ಹುಡುಗ ಬುದ್ಧಿವಂತ. ಲೆಕ್ಕ ಹಾಕಿಟ್ಟಿದ್ದ. ಕಾರ್ಡಿಗೆ 320, ಪ್ರೊಸೆಸರಿಗೆ 90, ಉಳಿದದ್ದಕ್ಕೆಲ್ಲ 50. ಒಟ್ಟು 460 ವ್ಯಾಟ್. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಇಳಿಸಿ ಕೊಡುವ ಪವರ್ ಸಪ್ಲೈ 650ರದ್ದು. ‘ಚಿಕ್ಕಪ್ಪಾ, ಇನ್ನೂ 190 ಬಾಕಿ ಉಂಟಲ್ಲ’ ಅಂದ.

ಕೂಡಿಸಿದ್ದು ಸರಿ. ಆದರೆ 320 ಅನ್ನುವುದು ಸರಾಸರಿ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಆ ಅಂಕಿಯನ್ನು ಹಿಡಿದುಕೊಂಡು ಏಪ್ರಿಲ್‌ನಲ್ಲಿ ಬಾವಿಗೆ ಕೊಡಪಾನ ಇಳಿಸಿ ನೋಡಿ. ಹಗ್ಗ ಮುಗಿಯುತ್ತದೆ, ನೀರು ಸಿಗುವುದಿಲ್ಲ.

ತೋಟದ ಪಂಪಿನ ವಿಷಯ ನಮ್ಮ ಕಡೆ ಎಲ್ಲರಿಗೂ ಗೊತ್ತು. ಪಕ್ಕದ ಮನೆಯವರು ಪಂಪು ಹಾಕಿದ ತಕ್ಷಣ ನಮ್ಮ ಮನೆಯ ಬಲ್ಬು ಒಮ್ಮೆ ಮಂಕಾಗುತ್ತದೆ. ಮತ್ತೆ ಸರಿಯಾಗುತ್ತದೆ. ನಿಂತಿರುವ ಮೋಟರು ತಿರುಗಲು ಶುರುವಾಗುವ ಆ ಒಂದು ಗಳಿಗೆಯಲ್ಲಿ ಅದು ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ತಿರುಗಿದ ಮೇಲೆ ಸಾಧು. ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚಿಗೆ ಎಂಸಿಬಿ ಅನ್ನುತ್ತಾರಲ್ಲ, ಎಲೆಕ್ಟ್ರಿಷಿಯನ್ ಪಂಪಿಗೆ ಅದರಲ್ಲಿ ಬಿ ಟೈಪಿನದ್ದು ಹಾಕದಿರುವುದು ಅದಕ್ಕೇ. ಅದು ಮೂರರಿಂದ ಐದು ಪಟ್ಟಿಗೇ ಹೆದರಿ ಬೀಳುತ್ತದೆ. ಸಿ ಟೈಪು ಐದರಿಂದ ಹತ್ತು ಪಟ್ಟಿನವರೆಗೆ ತಾಳುತ್ತದೆ.

ಗ್ರಾಫಿಕ್ಸ್ ಕಾರ್ಡು ಅಂದರೆ ಸೆಕೆಂಡಿಗೆ ಅರುವತ್ತು ಸಲ ಸ್ಟಾರ್ಟ್ ಆಗುವ ಪಂಪು. ಸೆಕೆಂಡಿಗೆ 60 ಚಿತ್ರ ಬರೆಯಬೇಕಾದರೆ ಒಂದೊಂದಕ್ಕೆ ಸಿಗುವುದು 16.7 ಮಿಲಿಸೆಕೆಂಡ್. ಚಿತ್ರ ಬೇಗ ಮುಗಿದರೆ ಮುಂದಿನದು ಶುರುವಾಗುವ ತನಕ ಚಿಪ್ಪಿನ ಬಹುಪಾಲು ಸುಮ್ನೆ ಕೂತಿರುತ್ತದೆ. ಆಮೇಲೆ ಒಂದೇ ಏಟಿಗೆ ಎಲ್ಲರಿಗೂ ಕೆಲಸ. ಈ ದರ್ಜೆಯ ಚಿಪ್ಪಿನಲ್ಲಿ ಸುಮಾರು 2800 ಕೋಟಿ ಟ್ರಾನ್ಸಿಸ್ಟರುಗಳಿವೆ. ಅವು ನಡೆಯುವುದು ಸುಮಾರು 1 ವೋಲ್ಟಿನಲ್ಲಿ. ಹಾಗಾಗಿ 200 ಆಂಪ್ಸ್‌ಗಿಂತ ಜಾಸ್ತಿ ಕರೆಂಟ್ ಬೇಕು. ತೋಟದ 5 ಎಚ್‌ಪಿ ತ್ರೀ ಫೇಸ್ ಪಂಪು ಎಳೆಯುವುದು ಏಳೆಂಟು ಆಂಪ್ಸ್! ವೋಲ್ಟೇಜ್ ಬೇರೆ, ಹೋಲಿಸಬಾರದು, ಗೊತ್ತು. ಆದರೂ ಅಂಚೆಚೀಟಿಯಷ್ಟಗಲದ ಜಾಗದಲ್ಲಿ ಹರಿಯುವ ಹೊಳೆ ಅದು.

ಮದುವೆ ಊಟದ ಪಂಕ್ತಿ ನೆನಪಿಸಿಕೊಳ್ಳಿ. ನೂರು ಜನಕ್ಕೆ ಬಡಿಸಲು ನಾಲ್ಕು ಜನ ಸಾಕು ಅನ್ನುವುದು ಸರಾಸರಿ ಲೆಕ್ಕ. ಹೋಳಿಗೆ ಬಂದ ಕೂಡಲೇ ನೂರೂ ಜನ ‘ತುಪ್ಪ ತನ್ನಿ’ ಅಂದರೆ? ಆ ಅರ್ಧ ನಿಮಿಷಕ್ಕೆ ಇಪ್ಪತ್ತು ಜನ ಬೇಕು. 320 ವ್ಯಾಟಿನ ಕಾರ್ಡೂ ಹೀಗೆಯೇ, ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು 450 ದಾಟುವುದುಂಟು.

ಇಷ್ಟು ಸಣ್ಣ ಹೊತ್ತಿನ ಹಸಿವನ್ನು ತೀರಿಸುವುದು ಕೆಪ್ಯಾಸಿಟರ್. ಅದನ್ನು ವಿವರಿಸಲು ನಮ್ಮ ಊರಿಗಿಂತ ಒಳ್ಳೆಯ ಜಾಗ ಇಲ್ಲ. ಯಾಕೆಂದರೆ ಇಲ್ಲಿ ಸುರಂಗಗಳಿವೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ, ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲಕ್ಕೆ ಕೊರೆದ ನೀರಿನ ದಾರಿ. ಅದರಲ್ಲಿ ನೀರು ಬರುವುದು ಕಿರುಬೆರಳಿನಷ್ಟು ದಪ್ಪಕ್ಕೆ. ಅದನ್ನೇ ನೇರ ತೋಟಕ್ಕೆ ಬಿಟ್ಟರೆ ಮೊದಲ ಸಾಲಿನ ಬುಡದಲ್ಲೇ ಇಂಗಿ ಹೋಗುತ್ತದೆ. ಹಾಗಾಗಿ ಅಡಿಕೆ ಮರದ ದಂಬೆಯಲ್ಲಿ ಹರಿಸಿ ಟ್ಯಾಂಕಿನಲ್ಲಿ ತುಂಬಿಸುತ್ತಾರೆ. ಇಡೀ ರಾತ್ರಿ ತೊಟ್ಟಿಕ್ಕಿದ್ದನ್ನು ಬೆಳಿಗ್ಗೆ ಅರ್ಧ ಗಂಟೆಯಲ್ಲಿ ಭರ್ರನೆ ಬಿಡುತ್ತಾರೆ. ಕೆಪ್ಯಾಸಿಟರ್ ಅಂದರೆ ಆ ಟ್ಯಾಂಕು. ಚಿಪ್ಪಿನ ಪಕ್ಕದಲ್ಲಿ ಅಕ್ಕಿ ಕಾಳಿಗಿಂತ ಸಣ್ಣ ಟ್ಯಾಂಕುಗಳು. ಕಾರ್ಡಿನ ಅಂಚಿನಲ್ಲಿ ಸ್ವಲ್ಪ ದೊಡ್ಡವು. ಪವರ್ ಸಪ್ಲೈ ಒಳಗೆ ಡಬ್ಬಿಯಂಥದ್ದು. ಆ ಡಬ್ಬಿ ಸುಮಾರು 400 ವೋಲ್ಟಿನಲ್ಲಿ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಲವು ಸಲ ಖಾಲಿಯಾಗಿರುವುದಿಲ್ಲ. ಹಾಗಾಗಿ ಪವರ್ ಸಪ್ಲೈಯನ್ನು ಮಾತ್ರ ಬಿಚ್ಚಲು ಹೋಗಬೇಡಿ.

ಈ ಟ್ಯಾಂಕಿನ ಹೊಡೆತ ಎಂಥದ್ದು ಅಂತ ಜನಕ್ಕೆ ಮೊದಲು ತಿಳಿದದ್ದು 1745-46ರಲ್ಲಿ. ಜರ್ಮನ್ ನಾಡಿನ ಫಾನ್ ಕ್ಲೈಸ್ಟ್, ಹಾಲೆಂಡಿನ ಲೈಡನ್ ಊರಿನ ಮುಶೆನ್‌ಬ್ರೂಕ್, ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಗಾಜಿನ ಜಾಡಿಯಲ್ಲಿ ವಿದ್ಯುತ್ತನ್ನು ತುಂಬಿಸಿದರು. ತುಂಬಿದ್ದು ಗೊತ್ತಾದದ್ದು ಕೈ ತಾಗಿಸಿ ಏಟು ತಿಂದ ಮೇಲೆ. 1746ರಲ್ಲಿ ಫ್ರಾನ್ಸಿನ ಪಾದ್ರಿ ನೊಲೆ, ರಾಜನ ಎದುರು 180 ಸೈನಿಕರನ್ನು ಕೈ ಕೈ ಹಿಡಿಸಿ ನಿಲ್ಲಿಸಿ ಜಾಡಿಯನ್ನು ಮುಟ್ಟಿಸಿದ. ಅಷ್ಟೂ ಜನ ಒಟ್ಟಿಗೆ ಹಾರಿದರು. ತುಂಬಿಸುವುದು ನಿಧಾನ, ಖಾಲಿಯಾಗುವುದು ಒಂದೇ ಏಟಿಗೆ. ಟ್ಯಾಂಕಿನ ಗುಣವೇ ಅದು.

ಇನ್ನೂ ಒಂದು ಹಳೆಯ ಅಂಕಿ. 1981ರ ಐಬಿಎಂ ಪಿಸಿಯಲ್ಲಿದ್ದ ಪವರ್ ಸಪ್ಲೈ 63.5 ವ್ಯಾಟ್‌ನದ್ದು. ಇಡೀ ಕಂಪ್ಯೂಟರಿಗೆ! ಈಗ ಕಾರ್ಡು ಸಿಕ್ಕಿಸುವ ಮದರ್‌ಬೋರ್ಡಿನ ಸ್ಲಾಟ್ ಒಂದೇ 75 ವ್ಯಾಟ್ ಕೊಡುತ್ತದೆ. ಅದೂ ಸಾಲದು ಅಂತ 150 ವ್ಯಾಟಿನ ಎಂಟು ಪಿನ್ನಿನ ಕೇಬಲ್ಲು, ಒಂದಲ್ಲ ಎರಡು.

ಹಾಗಾದರೆ ಕಂಪ್ಯೂಟರ್ ಆರಿ ಹೋಗುವ ಬದಲು ರೀಬೂಟ್ ಆಗುವುದು ಯಾಕೆ? ಪವರ್ ಸಪ್ಲೈಯಿಂದ ಮದರ್‌ಬೋರ್ಡಿಗೆ ಒಂದು ಬೂದು ಬಣ್ಣದ ತಂತಿ ಹೋಗುತ್ತದೆ. ಅದರ ಕೆಲಸ ‘ಇಲ್ಲಿ ಎಲ್ಲ ಸರಿ ಉಂಟು’ ಅಂತ ಹೇಳುತ್ತಾ ಇರುವುದು. ಪವರ್ ಗುಡ್ ಅನ್ನುತ್ತಾರೆ. 12 ವೋಲ್ಟು 11.4ಕ್ಕಿಂತ ಕೆಳಗೆ ಹೋಗಬಾರದು ಅನ್ನುವುದು ಇಂಥ ಹಳೆಯ ಮಾದರಿಗಳ ನಿಯಮ. ಒಮ್ಮೆಗೇ ಜಾಸ್ತಿ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ಆ ತಂತಿ ಮೌನವಾಗುತ್ತದೆ. ಮದರ್‌ಬೋರ್ಡು ಕೂಡಲೇ ಪ್ರೊಸೆಸರನ್ನು ರೀಸೆಟ್ ಮಾಡುತ್ತದೆ. ತಂತಿ ಮತ್ತೆ ಮಾತಾಡಿದರೆ ಮೊದಲಿನಿಂದ ಶುರು. ಕೆಲವು ಪವರ್ ಸಪ್ಲೈಗಳು ಇನ್ನೂ ಖಡಕ್ಕು. ಪೂರ್ತಿ ಆಫ್ ಆಗಿ, ಹಿಂದಿನ ಸ್ವಿಚ್ ತೆಗೆದು ಹಾಕುವ ತನಕ ಏಳುವುದೇ ಇಲ್ಲ. ಎರಡರಲ್ಲೂ ವಿಂಡೋಸಿಗೆ ಪತ್ರ ಬರೆದಿಡಲು ಸಮಯ ಸಿಗುವುದಿಲ್ಲ. ನೀಲಿ ಪರದೆ ಬಾರದಿರುವುದು ಅದಕ್ಕೇ. ಮತ್ತೆ ಎದ್ದ ಮೇಲೆ ವಿಂಡೋಸಿನ ದಿನಚರಿ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಅಂತ ಒಂದು ಸಾಲು ಕಾಣುತ್ತದೆ. ಅದಕ್ಕೆ ‘ಹೇಳದೆ ಕೇಳದೆ ಬಿದ್ದೆ’ ಅನ್ನುವುದಕ್ಕಿಂತ ಹೆಚ್ಚಿನ ಅರ್ಥ ಇಲ್ಲ. ಅದನ್ನು ರೋಗದ ಹೆಸರು ಅಂದುಕೊಳ್ಳುವವರು ತುಂಬ ಜನ.

ನಾನು ಹೋದಾಗ ಮಾಣಿ, ಅದೇ ಅಣ್ಣನ ಮಗ, ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ಕೂತಿದ್ದ. 12.1 ತೋರಿಸುತ್ತಿತ್ತು. ಕಂಪ್ಯೂಟರ್ ಬೀಳುವ ಗಳಿಗೆಯ ತನಕವೂ 12.1. ಮಲ್ಟಿಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಕಣ್ಣು ಬಿಡುವ ಪ್ರಾಣಿ. ಕಳ್ಳ ಬಂದು ಹೋಗುವುದು ಸೆಕೆಂಡನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರ ಒಂದು ಪಾಲಿನಲ್ಲಿ. ಕಾರ್ಡನ್ನು ಸುಡುವಷ್ಟು ದುಡಿಸುವ ಒಂದು ಟೆಸ್ಟನ್ನೂ ಅವನು ಹಾಕಿದ್ದ. ಅರ್ಧ ಗಂಟೆ ಏನೂ ಆಗಲಿಲ್ಲ. ‘ಇದರಲ್ಲಿ ಪಾಸು, ಗೇಮಲ್ಲಿ ಫೇಲು, ಹಾಗಾದ್ರೆ ಪವರ್ ಅಲ್ಲ ಅಲ್ವಾ?’ ಅಂದ. ತಿರುಗಾ ಮುರುಗಾ. ಆ ಟೆಸ್ಟು ಒಂದೇ ಸಮನೆ ಎಳೆಯುತ್ತದೆ. ತಿರುಗುತ್ತಿರುವ ಪಂಪಿನಿಂದ ಯಾರ ಮನೆಯ ಬಲ್ಬೂ ಮಂಕಾಗುವುದಿಲ್ಲ. ಹೀಟಿನ ಪ್ರಶ್ನೆಯೂ ಅಲ್ಲೇ ಮುಗಿಯಿತು. ಅರ್ಧ ಗಂಟೆ ಕಾದ ಮೇಲೂ ಬೀಳದ್ದು ಒಂದೂವರೆ ನಿಮಿಷಕ್ಕೆ ಬೀಳುವುದು ಬಿಸಿಯಿಂದ ಅಲ್ಲ.

ಯುಪಿಎಸ್ ತೆಗೆದು ನೇರ ಗೋಡೆಗೆ ಹಾಕಿದೆವು. 600 ವಿಎ ಯುಪಿಎಸ್ ತಾಳುವುದು ಸಾಮಾನ್ಯವಾಗಿ 360 ವ್ಯಾಟ್. ಅದರ ಮೇಲೂ ನನಗೆ ಗುಮಾನಿ ಇತ್ತು. ಗೋಡೆಯಲ್ಲೂ ಅದೇ ಕತೆ. ಊರಿನ ಕರೆಂಟಿನ ಮೇಲೆ ಹಾಕಲು ನೋಡಿದರೆ, ರಾತ್ರಿ ಹನ್ನೊಂದಕ್ಕೆ ಎಲ್ಲ ಪಂಪು ನಿಂತ ಮೇಲೂ ಬಿತ್ತು. ಈ ಸಲ ಕರೆಂಟ್ ಆಫೀಸಿಗೆ ಬೈಯುವ ಹಾಗಿಲ್ಲ.

ಆಮೇಲೆ ಪವರ್ ಸಪ್ಲೈ ಮೇಲಿನ ಚೀಟಿ ಓದಿದೆವು. ಮೊಬೈಲ್ ಟಾರ್ಚ್ ಹಿಡಿದು, ಕತ್ತು ಸೊಟ್ಟ ಮಾಡಿ. ಕಳ್ಳ ಅಲ್ಲಿ ಸಿಕ್ಕಿದ. 650 ಅನ್ನುವುದು 3.3, 5, 12 ವೋಲ್ಟ್ ಎಲ್ಲ ಸೇರಿಸಿದ ಮೊತ್ತ. 12 ವೋಲ್ಟನ್ನು ಎರಡು ದಾರಿ ಮಾಡಿ ಒಂದೊಂದಕ್ಕೂ 25 ಆಂಪ್ಸ್ ಮಿತಿ ಬರೆದಿದ್ದರು. ಒಂದು ದಾರಿಗೆ 300 ವ್ಯಾಟ್. ಹುಡುಗ ಕಾರ್ಡಿನ ಎರಡೂ ಬಾಯಿಗೆ ಒಂದೇ ಕವಲು ಕೇಬಲ್ ಸಿಕ್ಕಿಸಿದ್ದ. ಸ್ಲಾಟ್ ಕೊಡುವ 75 ಕಳೆದರೆ ಆ ಒಂದೇ ದಾರಿಯಲ್ಲಿ ಮಾಮೂಲಿಗೆ 245. ಜಿಗಿದಾಗ 370ರ ಮೇಲೆ.

ಬೇರೆ ಬೇರೆ ಎರಡು ಕೇಬಲ್ ಹಾಕಿದೆವು. ಈ ಸಲ ನಲುವತ್ತು ನಿಮಿಷ ಆಡಿದ. ಆಮೇಲೆ ಬಿತ್ತು. ಕೇಬಲ್ ಎರಡಾದರೂ ಕಾರ್ಡಿನ ಜಿಗಿತ ಹಾಗೆಯೇ ಉಂಟಲ್ಲ. ಕಾರ್ಡು ಎಷ್ಟು ವ್ಯಾಟ್ ಎಳೆಯಬಹುದು ಅನ್ನುವ ಪವರ್ ಲಿಮಿಟನ್ನು 75 ಶೇಕಡಕ್ಕೆ ಇಳಿಸಿ, ಫ್ರೇಮನ್ನು, ಅಂದರೆ ಚಿತ್ರಗಳನ್ನು, ಸೆಕೆಂಡಿಗೆ 60ಕ್ಕೆ ಕಟ್ಟಿ ಹಾಕಿದೆ. ಬೀಳುವುದು ನಿಂತಿತು. ಲಿಮಿಟ್ ಮತ್ತೆ 100ಕ್ಕೆ ಏರಿಸಿದೆ. ಬಿತ್ತು. 75, ನಿಂತಿತು. ಹೀಗೆ ಮೂರು ಸಲ. ಫಾರ್ಮ್ಯಾಟ್ ಮಾಡಿದವನು ಇದನ್ನು ಮಾಡಲಿಲ್ಲ, ಅಷ್ಟೇ ವ್ಯತ್ಯಾಸ.

2022ರಲ್ಲಿ ಪವರ್ ಸಪ್ಲೈಗಳಿಗೆ ಅಂತ ಬಂದ ಎಟಿಎಕ್ಸ್ 3.0 ನಿಯಮದಲ್ಲಿ ಈ ಜಿಗಿತಕ್ಕೆ ಜಾಗ ಇಟ್ಟಿದ್ದಾರೆ. ಹೊಸ ದೊಡ್ಡ ಕಾರ್ಡುಗಳಿಗೆ ಅಂತ ಮಾಡಿದ ಪವರ್ ಸಪ್ಲೈ 100 ಮೈಕ್ರೋಸೆಕೆಂಡ್ ಹೊತ್ತು ತನ್ನ ಎರಡು ಪಟ್ಟು ಎಳೆದರೂ ಬೀಳಬಾರದು. ಪಂಪಿಗೆ ಸಿ ಟೈಪು ಹಾಕಿದ ಹಾಗೆ. ಅಂಥದ್ದೇ 850 ವ್ಯಾಟಿನದ್ದು ತೆಗೆದುಕೊಳ್ಳಲು ಹೇಳಿದೆ. ಅಂಗಳದಲ್ಲಿ ಒಣಗುತ್ತಿದ್ದ ಚಾಲಿ ಅಡಿಕೆಯನ್ನು ಅಣ್ಣ ಒಮ್ಮೆ ನೋಡಿದ. ‘ಚಾಲಿ ಕೊಟ್ಟ ಮೇಲೆ ನೋಡುವಾ’ ಅಂದ. ಅಲ್ಲಿಯ ತನಕ ಮಾಣಿ 75ರಲ್ಲೇ ಆಡುತ್ತಿದ್ದಾನೆ. ಹೆಚ್ಚೇನೂ ವ್ಯತ್ಯಾಸ ಕಾಣುವುದಿಲ್ಲವಂತೆ. ಆದರೆ ಅಪ್ಪನಿಗೆ ಹಾಗೆ ಹೇಳಬೇಡಿ ಅಂದಿದ್ದಾನೆ.