ಚೂರು ಹಾರಿದ ಕ್ಯಾಪ್‌ಗೆ ಗಟ್ಟಿ ಗಮ್ ಒಂದೇ ಸಾಲದು

ಸೇಡಂ ಕಡೆಯ ಹಿರಿಯರೊಬ್ಬರು ಕಲಬುರಗಿಯ ನನ್ನ ಕ್ಲಿನಿಕ್‌ಗೆ ಬಂದಿದ್ದರು. ಖಡಕ್ ರೊಟ್ಟಿ ಕಡಿಯುವಾಗ ಮುಂದಿನ ಹಲ್ಲಿನ ಕ್ಯಾಪ್‌ನಿಂದ ಜೋಳದ ಕಾಳಿನಷ್ಟು ಚೂರು ಹಾರಿತ್ತು. ಬೇರೆ ಕಡೆ ಎರಡು ಸಲ ತುಂಬಿಸಿಕೊಂಡಿದ್ದರು. ಎರಡೂ ಸಲ ಬಿದ್ದಿತ್ತು. "ಸಾಹೇಬ್ರ, ಈ ಸಲ ಗಟ್ಟಿ ಗಮ್ ಹಚ್ರಿ" ಅಂದರು.

ಗಮ್ ಗಟ್ಟಿಯೇ ಇರುತ್ತದೆ. ಚೂರು ಹಾರಿದ ಜಾಗಕ್ಕೆ ತುಂಬುವ, ಹಲ್ಲಿನ ಬಣ್ಣದ ಈಗಿನ ರೆಸಿನ್‌ಗಳಲ್ಲಿ ಶಕ್ತಿಗೆ ಕೊರತೆಯಿಲ್ಲ. ಬಿಡುವುದು ಕ್ಯಾಪ್ ಮತ್ತು ರೆಸಿನ್ ಕೂಡುವ ಜಾಗದಲ್ಲಿ. ಹಳೆ ನುಣುಪು ಗೋಡೆಗೆ ಗಿಲಾವು ಮಾಡುವ ಗೌಂಡಿಯನ್ನು ನೋಡಿ. ಮೊದಲು ಗೋಡೆಯನ್ನು ಚುಕ್ಕೆ ಚುಕ್ಕೆಯಾಗಿ ಕೆತ್ತುತ್ತಾನೆ, ಧೂಳು ತೊಳೆಯುತ್ತಾನೆ, ಆಮೇಲೆ ಸಿಮೆಂಟ್. ನಮ್ಮದೂ ಅದೇ ಕೆಲಸ. ಆದರೆ ಗೋಡೆ ಯಾವುದು, ಅಂದರೆ ಕ್ಯಾಪ್ ಯಾವುದರಿಂದ ಮಾಡಿದ್ದು ಅಂತ ಮೊದಲು ಗೊತ್ತಾಗಬೇಕು.

ಪೋರ್ಸಲಿನ್, ಅಂದರೆ ಪಿಂಗಾಣಿಯಲ್ಲಿ ಗಾಜಿನ ಅಂಶ ಇದೆ. ಹೈಡ್ರೋಫ್ಲೋರಿಕ್ ಆಸಿಡ್ ಆ ಗಾಜನ್ನು ಕರಗಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳನ್ನು ಮಾಡುತ್ತದೆ. ರೆಸಿನ್ ಅದರೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಸಾಮಾನ್ಯ ಪೋರ್ಸಲಿನ್‌ಗೆ ಶೇ. 9ರ ಆಸುಪಾಸಿನ ಆಸಿಡ್ ಒಂದೆರಡು ನಿಮಿಷ ಬೇಕು. ಲಿಥಿಯಂ ಡೈಸಿಲಿಕೇಟ್ ಅನ್ನೋ ಗಟ್ಟಿ ಗಾಜು-ಪಿಂಗಾಣಿಯ ಕ್ಯಾಪ್‌ಗೆ ಶೇ. 5ರದ್ದು 20 ಸೆಕೆಂಡ್ ಸಾಕು. ಜಾಸ್ತಿ ಹೊತ್ತು ಬಿಟ್ಟರೆ ಕ್ಯಾಪೇ ಸೊರಗುತ್ತದೆ.

ಅದರ ಮೇಲೆ ಸಿಲೇನ್ ಅನ್ನೋ ದ್ರವ ಹಚ್ಚುತ್ತೇವೆ. ಇದರ ಕಣಕ್ಕೆ ಎರಡು ಕೈ. ಒಂದು ಗಾಜನ್ನು ಹಿಡಿಯುತ್ತದೆ, ಇನ್ನೊಂದು ರೆಸಿನ್ ಅನ್ನು ಹಿಡಿಯುತ್ತದೆ. ಒಂದು ನಿಮಿಷ ಬಿಟ್ಟು ಗಾಳಿಯಲ್ಲಿ ಒಣಗಿಸಬೇಕು. ಬಾಟಲಿ ಹಳೆಯದಾದರೆ ಸಿಲೇನ್ ಕೆಡುತ್ತದೆ. ನಮ್ಮೂರ ಬೇಸಿಗೆ 40 ಡಿಗ್ರಿ ದಾಟುತ್ತದಲ್ವಾ, ಅದಕ್ಕೇ ನಾನು ಅದನ್ನು ಫ್ರಿಜ್‌ನಲ್ಲೇ ಇಡುತ್ತೇನೆ. ತಿಳಿಯಾಗಿದ್ದದ್ದು ಹಾಲಿನಂತೆ ಮಸುಕಾದರೆ ಎಸೆಯುತ್ತೇನೆ.

ಇಲ್ಲೊಂದು ಮಾತು ಹೇಳಲೇಬೇಕು. ಹಲ್ಲಿಗೆ ಹಚ್ಚುವ ಶೇ. 37ರ ಫಾಸ್ಫೋರಿಕ್ ಆಸಿಡ್ ಜೆಲ್ ಪೋರ್ಸಲಿನ್ ಅನ್ನು ಕೊರೆಯುವುದಿಲ್ಲ, ಸುಮ್ನೆ ತೊಳೆಯುತ್ತದೆ ಅಷ್ಟೇ. ಅದನ್ನೊಂದೇ ನಂಬಿ ಮಾಡಿದ ರಿಪೇರಿ ಹೆಚ್ಚು ದಿನ ನಿಲ್ಲುವುದಿಲ್ಲ.

ಜಿರ್ಕೋನಿಯಾ ಅನ್ನೋ ಬಿಳಿ, ಬಲು ಗಟ್ಟಿ ವಸ್ತುವಿನ ಕ್ಯಾಪ್ ಕಥೆ ಬೇರೆ. ಅದರಲ್ಲಿ ಗಾಜೇ ಇಲ್ಲ, ಆಸಿಡ್‌ಗೆ ಕರಗಲು ಏನೂ ಸಿಗುವುದಿಲ್ಲ. ಶುರುವಿನ ವರ್ಷಗಳಲ್ಲಿ ಒಬ್ಬ ಹೆಣ್ಣುಮಗಳ ಜಿರ್ಕೋನಿಯಾ ಕ್ಯಾಪ್‌ಗೆ ನಾನು ಪೋರ್ಸಲಿನ್ ಅಂದುಕೊಂಡು ಆಸಿಡ್, ಸಿಲೇನ್ ಹಚ್ಚಿದ್ದೆ. ಮೂರೇ ವಾರಕ್ಕೆ ಬಿತ್ತು. ಯಾದಗಿರಿಯಿಂದ ಬಸ್ಸಿಗೆ ದುಡ್ಡು ಕೊಟ್ಟು ಮತ್ತೆ ಬಂದರು ಪಾಪ. ಆ ತಪ್ಪು ನನ್ನದು, ಇವತ್ತಿಗೂ ನೆನಪಿದೆ. ಜಿರ್ಕೋನಿಯಾಗೆ 50 ಮೈಕ್ರಾನ್ ಅಲ್ಯುಮಿನಾ ಪುಡಿಯನ್ನು ಕಡಿಮೆ ಒತ್ತಡದಲ್ಲಿ ಹೊಡೆದು ಒರಟು ಮಾಡಬೇಕು, ಆಮೇಲೆ ಎಂಡಿಪಿ (ಜಿರ್ಕೋನಿಯಾವನ್ನೂ ರೆಸಿನ್ ಅನ್ನೂ ಹಿಡಿಯುವ ರಾಸಾಯನಿಕ) ಇರುವ ಪ್ರೈಮರ್, ಅಂದರೆ ಅಂಟಿಗೆ ಮೊದಲು ಹಚ್ಚುವ ದ್ರವ. ನಡುವೆ ಎಂಜಲು ತಾಗಿದರೆ ಅದರಲ್ಲಿನ ಫಾಸ್ಫೇಟ್ ಎಂಡಿಪಿಯ ಜಾಗವನ್ನು ಮೊದಲೇ ಹಿಡಿದುಬಿಡುತ್ತದೆ.

ಆಸಿಡ್ ಬಗ್ಗೆ ನನಗೆ ಭಯವಿದೆ, ಆ ಭಯ ಇರಲಿ. ಹೈಡ್ರೋಫ್ಲೋರಿಕ್ ಆಸಿಡ್ ತೆಳುವಾಗಿದ್ದರೆ ಚರ್ಮಕ್ಕೆ ತಾಗಿದ ಕೂಡಲೇ ಉರಿಯದೇ ಇರಬಹುದು. ಒಳಗಿಳಿದು ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ, ನೋವು ಗಂಟೆಗಟ್ಟಲೆ ತಡವಾಗಿ ಬರಬಹುದು. ಅದಕ್ಕೇ ರಬ್ಬರ್ ಡ್ಯಾಮ್ (ಹಲ್ಲನ್ನು ಮಾತ್ರ ಹೊರಗಿಟ್ಟು ಬಾಯಿ ಮುಚ್ಚುವ ರಬ್ಬರ್ ಹಾಳೆ) ಇಲ್ಲದೆ ಬಾಯೊಳಗೆ ಅದನ್ನು ಬಳಸುವುದಿಲ್ಲ. ಆಸಿಡ್ ತಾಗಿದರೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆ ಸಿಗುವಲ್ಲೇ ಇರುತ್ತದೆ.

ಆ ಹಿರಿಯರದು ಲೋಹದ ಮೇಲೆ ಪೋರ್ಸಲಿನ್ ಕೂರಿಸಿದ ಕ್ಯಾಪ್. ಚೂರು ಹಾರಿದಲ್ಲಿ ಲೋಹ ಕಾಣುತ್ತಿತ್ತು. ಹಳೆ ರೆಸಿನ್ ಪೂರಾ ತೆಗೆದೆ. ರಬ್ಬರ್ ಡ್ಯಾಮ್ ಹಾಕಿ, ಸಿಲಿಕಾ ಲೇಪಿಸಿದ 30 ಮೈಕ್ರಾನ್ ಪುಡಿ ಹೊಡೆದೆ. ಇದು ಲೋಹದ ಮೇಲೂ ಸಿಲಿಕಾ ಪದರ ಬಿಡುತ್ತದೆ, ಹಾಗಾಗಿ ಸಿಲೇನ್‌ಗೆ ಎರಡೂ ಕಡೆ ಹಿಡಿತ ಸಿಗುತ್ತದೆ. ಆಸಿಡ್ ಬೇಕಾಗಲಿಲ್ಲ. ಲೋಹದ ಕಪ್ಪು ಮುಚ್ಚಲು ಒಪೇಕ್ ಹಚ್ಚಿ, ಮೇಲೆ ರೆಸಿನ್ ಕಟ್ಟಿದೆ. ಕೆಳಗಿನ ಹಲ್ಲು ಅದೇ ಜಾಗಕ್ಕೆ ಬಡಿಯುತ್ತಿತ್ತು, ಅದನ್ನೂ ಸರಿ ಮಾಡಿದೆ. ಅದನ್ನು ಬಿಟ್ಟಿದ್ದರೆ ಮೂರನೇ ಸಲವೂ ಬೀಳುತ್ತಿತ್ತು.

ಹೋಗುವಾಗ ಒಂದು ಚೀಟಿ ಕೊಟ್ಟೆ. ಯಾವ ಕ್ಯಾಪ್, ಏನು ಹಚ್ಚಿದ್ದೇನೆ, ಯಾವ ತಾರೀಖು, ಎಲ್ಲ ಬರೆದಿದ್ದೆ. ಮುಂದೆ ಯಾವ ಡಾಕ್ಟರ್ ಹತ್ತಿರ ಹೋದರೂ ತೋರಿಸಿ ಅಂದೆ. ಮಡಚಿ ಅಂಗಿ ಕಿಸೆಯಲ್ಲಿ ಇಟ್ಟುಕೊಂಡು, "ರೊಟ್ಟಿ?" ಅಂತ ಕೇಳಿದರು. ಖಡಕ್ ರೊಟ್ಟಿಯನ್ನು ಪಲ್ಯದಲ್ಲಿ ನೆನೆಸಿ, ಹಿಂದಿನ ಹಲ್ಲಲ್ಲಿ ತಿನ್ನಿ ಅಂತ ಹೇಳಿದೆ.