ಸೆನ್ಯೊ ಸುಮ್ಮನಿರುವ ಹೊತ್ತು

ಬಸ್ ನಿಲ್ದಾಣದ ಅಂಗಡಿಗಳಲ್ಲಿ ‘30 ದಿನಗಳಲ್ಲಿ ಇಂಗ್ಲಿಷ್’ ನೋಡಿ ಬೆಳೆದವರು ನಾವು. ಈಗ ಅದೇ ಸರಕು ಮೊಬೈಲಿಗೆ ಬಂದಿದೆ. ಹೆಡ್‌ಫೋನ್ ಹಾಕಿಕೊಂಡು ಮಲಗಿದರೆ ಸಾಕು, ನಿದ್ದೆಯಲ್ಲೇ ಸ್ಪ್ಯಾನಿಷ್ ತಲೆಗೆ ಇಳಿಯುತ್ತದಂತೆ. ಈ ಕಥೆಯ ಆಯಸ್ಸು 1950ರ ದಶಕದಲ್ಲೇ ಮುಗಿಯಬೇಕಿತ್ತು. ಅಮೆರಿಕದ ಚಾರ್ಲ್ಸ್ ಸೈಮನ್ ಮತ್ತು ವಿಲಿಯಂ ಎಮ್ಮನ್ಸ್ ಮಲಗಿದವರ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುತ್ತಲೇ ಅವರಿಗೆ ಧ್ವನಿಮುದ್ರಿಕೆ ಕೇಳಿಸಿದರು. ನಿಜವಾಗಿ ನಿದ್ದೆ ಹೋಗಿದ್ದಾಗ ಕೇಳಿಸಿದ್ದು ಬೆಳಗ್ಗೆ ಯಾರಿಗೂ ನೆನಪಿರಲಿಲ್ಲ. ಹಿಂದೆ ‘ನಿದ್ದೆಯಲ್ಲಿ ಕಲಿತೆವು’ ಎಂದವರು ಬಹುಪಾಲು ಎಚ್ಚರವಾಗಿಯೇ ಹೊರಳಾಡುತ್ತಿದ್ದವರು. ಇಷ್ಟಾದರೂ ಸರಕು ಮಾರಾಟವಾಗುತ್ತಲೇ ಇದೆ; ರಾಶಿಫಲಕ್ಕೂ ಗಿರಾಕಿಗಳು ಕಡಿಮೆಯಾಗಿಲ್ಲವಲ್ಲ.

ನಾನು ಸ್ಪ್ಯಾನಿಷ್ ಕಲಿಯುತ್ತಿರುವುದು ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಆಂತಿಗ್ವಾ ಊರಿನ ಒಬ್ಬ ಹೆಣ್ಣುಮಗಳಿಂದ, ಕಂಪ್ಯೂಟರಿನ ಪರದೆಯ ಮೇಲೆ. ಪಾಠ ಹೇಳುವ ಹೆಂಗಸರನ್ನು ಅಲ್ಲಿ ‘ಸೆನ್ಯೊ’ ಎನ್ನುತ್ತಾರೆ, ನಮ್ಮ ‘ಮಿಸ್ಸು’ ಇದ್ದ ಹಾಗೆ. ಬೆಂಗಳೂರಿನಲ್ಲಿ ಬೆಳಗಿನ 7 ಗಂಟೆಯಾದಾಗ ಅವರಿಗೆ ಹಿಂದಿನ ದಿನದ ಸಂಜೆ 7.30. ನನ್ನ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುತ್ತಿರುತ್ತದೆ, ಅವರ ಮನೆಯಲ್ಲಿ ರಾತ್ರಿಯೂಟದ ಸದ್ದು.

ಆಂತಿಗ್ವಾ 1773ರ ಭೂಕಂಪದಲ್ಲಿ ಕುಸಿದು ರಾಜಧಾನಿಯ ಪಟ್ಟ ಕಳೆದುಕೊಂಡ ಊರು. ಈಗ ಅದಕ್ಕೆ ಹೆಸರು ಬಂದಿರುವುದು ಒಬ್ಬರಿಗೆ ಒಬ್ಬರು ಪಾಠ ಹೇಳುವ ಪದ್ಧತಿಯಿಂದ. ಹಳೆಯ ಮನೆಗಳ ಅಂಗಳದಲ್ಲಿ ಪುಟ್ಟ ಮೇಜುಗಳು; ಮೇಜಿಗೊಬ್ಬ ಗುರು, ಒಬ್ಬ ಶಿಷ್ಯ. ದಿನಕ್ಕೆ ನಾಲ್ಕು ಗಂಟೆ ಮಾತು. ಕುಳಿತು ಸಾಕಾದರೆ ಎದ್ದು ಸಂತೆಗೆ ಹೋಗುತ್ತಾರೆ, ಅಲ್ಲಿಯೂ ಮಾತು. ಈ ಶಾಲೆಗಳಲ್ಲೊಂದಾದ ಪ್ರೊಯೆಕ್ತೊ ಲಿಂಗ್ವಿಸ್ತಿಕೊ ಫ್ರಾನ್ಸಿಸ್ಕೊ ಮರ್ರೊಕಿನ್ ಪರದೇಶಿಗಳಿಗೆ ಸ್ಪ್ಯಾನಿಷ್ ಕಲಿಸಿ ಬಂದ ಹಣವನ್ನು ಮಾಯಾ ಭಾಷೆಗಳ ಕೆಲಸಕ್ಕೆ ಬಳಸಿತು. ಗ್ವಾಟೆಮಾಲಾದಲ್ಲಿ 20ಕ್ಕೂ ಹೆಚ್ಚು ಮಾಯಾ ಭಾಷೆಗಳಿವೆ. ಆಳಿದವರ ಭಾಷೆಯನ್ನು ಮಾರಿ ನೆಲದ ಭಾಷೆಗಳನ್ನು ಸಾಕುವ ಈ ಉಪಾಯ ನನಗೆ ತುಂಬಾ ಮೆಚ್ಚಿಗೆಯಾಯಿತು.

ಸೆನ್ಯೊ ಪ್ರಶ್ನೆ ಕೇಳಿ ಸುಮ್ಮನಾಗುತ್ತಾರೆ. ನಾನು ತಡವರಿಸುತ್ತೇನೆ. ಅವರು ಆಗಲೂ ಬಾಯಿ ಬಿಡುವುದಿಲ್ಲ. ಮೊದಲ ವಾರಗಳಲ್ಲಿ ‘ದುಡ್ಡು ಕೊಡುವುದು ಇವರ ಮೌನಕ್ಕೇ?’ ಎನ್ನಿಸಿತ್ತು. ಆ ಮೌನದಲ್ಲಿ ಏನು ನಡೆಯುತ್ತಿದೆ ಎಂದು ಓದಿದ ಮೇಲೆ ನನ್ನ ಎಣಿಕೆ ತಲೆಕೆಳಗಾಯಿತು.

2009ರಲ್ಲಿ ಭಾಷಾ ಸಂಶೋಧಕಿ ತಾನ್ಯಾ ಸ್ಟೈವರ್ಸ್ ಮತ್ತು ಸಂಗಡಿಗರು 10 ಭಾಷೆಗಳ ಸಹಜ ಸಂಭಾಷಣೆಯನ್ನು ಅಳೆದು ನೋಡಿದರು. ಮೆಕ್ಸಿಕೋದ ಮಾಯಾ ಭಾಷೆಯೊಂದೂ ಅದರಲ್ಲಿತ್ತು. ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವುದರ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸು, ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ವಿಚಿತ್ರ ಇಲ್ಲಿದೆ: ಚಿತ್ರ ತೋರಿಸಿ ಅದರ ಹೆಸರು ಹೇಳಿ ಎಂದರೆ, ತಾಯ್ನುಡಿಯಲ್ಲೇ ಆದರೂ, ಬಾಯಿಂದ ಪದ ಹೊರಡಲು ಸುಮಾರು 600 ಮಿಲಿಸೆಕೆಂಡು ಬೇಕು. ಮೂರರಷ್ಟು ಸಮಯ ಬೇಡುವ ಕೆಲಸ ಒಂದರಷ್ಟು ಬಿಡುವಿನಲ್ಲಿ ಹೇಗೆ ಮುಗಿಯಿತು? ಎದುರಿನವರ ಮಾತು ಮುಗಿಯುವ ಮುಂಚೆಯೇ ನಾವು ಉತ್ತರ ಕಟ್ಟಲು ತೊಡಗಿರುತ್ತೇವೆ.

ಓಡುವ ಬಸ್ಸಿಗೆ ಹತ್ತುವವನನ್ನು ನೆನಪಿಸಿಕೊಳ್ಳಿ. ಬಸ್ಸು ಎದುರಿಗೆ ಬಂದ ಮೇಲೆ ಓಡಲು ಶುರುಮಾಡಿದರೆ ಹಿಂಬದಿಯ ಹೊಗೆಯಷ್ಟೇ ಸಿಗುತ್ತದೆ. ಬರುತ್ತಿರುವಾಗಲೇ ಅದರ ವೇಗಕ್ಕೆ ಕಾಲು ಹೊಂದಿಸಿರಬೇಕು. ಅಥವಾ ತಾಳಮದ್ದಳೆಗೆ ಹೋಗಿ ಕುಳಿತುಕೊಳ್ಳಿ. ಕೃಷ್ಣನ ಅರ್ಥಧಾರಿ ಮಾತು ನಿಲ್ಲಿಸಿದ ಕ್ಷಣಕ್ಕೇ ಕೌರವ ಹಿಡಿದುಕೊಳ್ಳುತ್ತಾನೆ. ಬರೆದಿಟ್ಟ ಸಂಭಾಷಣೆ ಇಲ್ಲ, ಎದುರಾಳಿಯ ವಾದ ಎತ್ತ ಹೊರಟಿದೆ ಎಂದು ಅರ್ಧದಲ್ಲೇ ಊಹಿಸಿ ಉತ್ತರ ಹೊಸೆದಿಟ್ಟುಕೊಂಡಿರುತ್ತಾನೆ. ಇನ್ನೂ ಮನೆಯ ಹತ್ತಿರದ ಹೋಲಿಕೆ ಬೇಕಾದರೆ ದೋಸೆ ಹೆಂಚು: ಒಂದು ದೋಸೆ ಬೇಯುವಾಗಲೇ ಸೌಟಿನಲ್ಲಿ ಮುಂದಿನ ಹಿಟ್ಟು. ಹೊಸ ಭಾಷೆ ಕಲಿಯುವವನಿಗೆ ಹೀಗೆ ಕೇಳುತ್ತಲೇ ಉತ್ತರ ಕಟ್ಟುವ ಜೋಡಿ ಕೆಲಸ ಆಗುವುದಿಲ್ಲ. ಪೂರ್ತಿ ಕೇಳಬೇಕು, ಬಿಡಿಸಬೇಕು, ಆಮೇಲೆ ಪದ ಹುಡುಕಬೇಕು. ಪಾಠ ಕೇಳಿದಷ್ಟಕ್ಕೆ, ಓದಿದಷ್ಟಕ್ಕೆ ಇದು ಪಳಗುವುದಿಲ್ಲ. ಗುಂಪಿನ ತರಗತಿಯಲ್ಲಿ ನನ್ನ ಸರದಿ ಬರುವುದರೊಳಗೆ ಪಕ್ಕದವರು ಹೇಳಿಬಿಟ್ಟಿರುತ್ತಾರೆ.

ಪದವನ್ನು ಒಳಗಿನಿಂದ ತಡಕಿ ತೆಗೆಯುವುದೇ ನೆನಪನ್ನು ಗಟ್ಟಿಮಾಡುತ್ತದೆ ಎಂಬುದಕ್ಕೂ ಪುರಾವೆಯಿದೆ. 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ ಕೆಲವು ವಿದ್ಯಾರ್ಥಿಗಳಿಗೆ ಒಂದು ಪಾಠವನ್ನು ಮತ್ತೆ ಓದಿಸಿದರು, ಇನ್ನು ಕೆಲವರಿಂದ ಪುಸ್ತಕ ಮುಚ್ಚಿಸಿ ನೆನಪಿನಿಂದ ಬರೆಸಿದರು. ಐದು ನಿಮಿಷದ ನಂತರ ಓದಿದವರು ಮುಂದಿದ್ದರು. ವಾರದ ನಂತರ ನೆನಪಿನಿಂದ ಬರೆದವರು ಮುಂದಾದರು. ಮರು ಓದು ‘ನನಗೆ ಬರುತ್ತದೆ’ ಎಂಬ ಭ್ರಮೆಯನ್ನು ಕೊಡುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಈ ಭ್ರಮೆಯಲ್ಲಿ ಮಲಗದವರು ನಮ್ಮಲ್ಲಿ ಯಾರಿದ್ದಾರೆ?

ನನ್ನ ತಡವರಿಕೆಗೆ ಇನ್ನೊಂದು ಕಾರಣವನ್ನು ಸೆನ್ಯೊ ಅಲ್ಲ, ನಾನೇ ಕಂಡುಹಿಡಿದೆ. ನಾನು ಸ್ಪ್ಯಾನಿಷನ್ನು ಇಂಗ್ಲಿಷಿನ ಮೂಲಕ ಕಲಿಯುತ್ತಿದ್ದೆ. ‘ಮೆ ಗುಸ್ತಾ ಎಲ್ ಕಫೆ’ ಎಂಬುದನ್ನು ವಿವರಿಸಲು ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ಒದ್ದಾಡುತ್ತವೆ: ಇಲ್ಲಿ ಕರ್ತೃ ನೀವಲ್ಲ, ಕಾಫಿ, ನಿಮಗೆ ಚತುರ್ಥಿ, ಇತ್ಯಾದಿ. ಕನ್ನಡದಲ್ಲಿ ಅದು ‘ನನಗೆ ಕಾಫಿ ಇಷ್ಟ’, ಅಷ್ಟೇ. ‘ಮೆ ದುಎಲೆ ಲಾ ಕಬೇಸಾ’ ಎಂದರೆ ‘ನನಗೆ ತಲೆ ನೋಯುತ್ತಿದೆ’. ‘ಆಬ್ಲೊ’ ಎಂದರೆ ‘ಮಾತಾಡುತ್ತೇನೆ’. ಕ್ರಿಯಾಪದದ ಬಾಲವೇ ‘ನಾನು’ ಎನ್ನುತ್ತದೆ, ಬೇರೆ ಹೇಳಬೇಕಿಲ್ಲ. ಸ್ಪ್ಯಾನಿಷಿನ ತ, ದ ಕೂಡ ನಮ್ಮ ತ, ದಗಳಂತೆ ಹಲ್ಲಿಗೆ ತಾಗುತ್ತವೆ. ನೇರ ದಾರಿ ಇದ್ದೂ ಲಂಡನ್ ಸುತ್ತಿ ಬರುತ್ತಿದ್ದೆ.

ಹಾದಿಯಲ್ಲಿ ನಮ್ಮ ಕಡೆಯ ಪದಗಳೂ ಎದುರಾಗುತ್ತವೆ. ಸಕ್ಕರೆಗೆ ಸ್ಪ್ಯಾನಿಷಿನಲ್ಲಿ ‘ಅಸೂಕಾರ್’. ಸಂಸ್ಕೃತದ ಶರ್ಕರಾ ಪ್ರಾಕೃತದ ದಾರಿಯಲ್ಲಿ ನಮ್ಮ ಸಕ್ಕರೆಯಾಯಿತು. ಪಶ್ಚಿಮಕ್ಕೆ ಹೊರಟದ್ದು ಪಾರಸಿಯಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್ ಆಗಿ, 711ರಲ್ಲಿ ಶುರುವಾದ ಅರಬರ ಆಳ್ವಿಕೆಯ ಕಾಲದಲ್ಲಿ ಸ್ಪೇನಿಗೆ ಸೇರಿತು. ಮುಂದಿನ ‘ಅ’ ಅರಬ್ಬಿ ಉಪಪದದ ಅವಶೇಷ. ಗ್ರಾನಡಾ ಬಿದ್ದು ಆ ಆಳ್ವಿಕೆ ಮುಗಿದ 1492ರಲ್ಲೇ ನೆಬ್ರಿಹಾ ಎಂಬ ವಿದ್ವಾಂಸ ಸ್ಪ್ಯಾನಿಷಿನ ವ್ಯಾಕರಣ ಪ್ರಕಟಿಸಿದ, ಕೊಲಂಬಸ್ ಹಡಗು ಹತ್ತಿದ. ಭಾಷೆ ಅಟ್ಲಾಂಟಿಕ್ ದಾಟಿ ಆಂತಿಗ್ವಾಕ್ಕೆ ಬಂದಾಗ ಅದರ ಜೊತೆ ‘ನೀನು’ ಎನ್ನಲು ಬಳಸುವ ‘ವೋಸ್’ ಎಂಬ ಸರ್ವನಾಮವೂ ಬಂತು. ಸ್ಪೇನ್ ಅದನ್ನು ಕೈಬಿಟ್ಟಿತು, ಗ್ವಾಟೆಮಾಲಾ ಬಿಡಲಿಲ್ಲ. ಗೆಳೆಯರಿಗೆ ‘ವೋಸ್’, ಗೌರವಕ್ಕೆ ‘ಉಸ್ತೆದ್’, ಇವೆರಡರ ನಡುವೆ ‘ತು’. ಯಾರಿಗೆ ಯಾವುದು ಎಂಬುದು ಪುಸ್ತಕ ನೋಡಿದರೆ ತಿಳಿಯುವುದಿಲ್ಲ. ಮಾವನಿಗೆ ‘ನೀನು’ ಎಂದಾಗ ಬೀಳುವ ನೋಟದಿಂದ ನಾವು ಕಲಿತ ಹಾಗೆಯೇ ಕಲಿಯಬೇಕು.

ಅಲ್ಲಿಯ ಇನ್ನೊಂದು ಮಾತು ‘ಫೀಹೆಸೆ ಕೆ’. ನಿಘಂಟಿನ ಪ್ರಕಾರ ‘ಗಮನಿಸಿ’. ಸೆನ್ಯೊ ಹೇಳಿಕೊಟ್ಟ ಅರ್ಥ ಬೇರೆ: ಈ ಮಾತು ಬಂತೆಂದರೆ ಹಿಂದೆಯೇ ಒಂದು ನೆಪ ಬರುತ್ತದೆ. ಫೀಹೆಸೆ ಕೆ ಬಸ್ಸು ಹೋಯಿತು, ಫೀಹೆಸೆ ಕೆ ಇವತ್ತು ಸಾಹೇಬರಿಲ್ಲ. ‘ನೋಡಿ ಸ್ವಾಮಿ...’ ಎಂದು ಕಚೇರಿಯ ಗುಮಾಸ್ತ ಕನ್ನಡಕ ತೆಗೆದಿಟ್ಟಾಗ ನಮಗೂ ಉಳಿದದ್ದು ಗೊತ್ತಾಗುತ್ತದೆ.

ತಪ್ಪು ತಿದ್ದುವುದರಲ್ಲೂ ಮೌನದ ಪಾಲಿದೆ. ಕೆನಡಾದ ಲಿಸ್ಟರ್ ಮತ್ತು ರಾಂಟಾ 1997ರಲ್ಲಿ ಫ್ರೆಂಚ್ ಮಾಧ್ಯಮದ ತರಗತಿಗಳನ್ನು ಗಮನಿಸಿದರು. ಶಿಕ್ಷಕರು ತಿದ್ದಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾರಿ ತಪ್ಪು ವಾಕ್ಯವನ್ನು ತಾವೇ ಸರಿಯಾಗಿ ಹೇಳಿ ಮುಂದೆ ಹೋಗಿದ್ದರು. ಮಕ್ಕಳು ಅದಕ್ಕೆ ಸ್ಪಂದಿಸಿದ್ದು ಮೂರರಲ್ಲಿ ಒಂದಕ್ಕಿಂತ ಕಡಿಮೆ ಸಲ. ಸರಿಯಾದ ರೂಪ ಹೇಳದೆ ಮಕ್ಕಳ ಬಾಯಿಂದಲೇ ಹೊರಡಿಸಲು ನೋಡಿದಾಗ ಪ್ರತಿ ಸಲವೂ ಸ್ಪಂದಿಸಿದರು, ಸುಮಾರು ಅರ್ಧದಷ್ಟು ಸಲ ತಪ್ಪು ಸರಿಯೂ ಆಯಿತು.

ಮೊನ್ನೆ ನಾನು ‘ಸೊಯ್ ಕನ್ಸಾದೊ’ ಎಂದೆ. ಸುಸ್ತಾಗಿದೆ ಎನ್ನಲು ಹೊರಟಿದ್ದೆ. ಆದರೆ ‘ಸೊಯ್’ ಎಂದರೆ ಅದು ಈಗಿನ ಸ್ಥಿತಿಯಾಗಿ ಉಳಿಯದೆ, ನಾನೇ ಬೇಸರ ಹುಟ್ಟಿಸುವ ಆಸಾಮಿ ಎಂಬ ಕಡೆಗೆ ಅರ್ಥ ವಾಲುತ್ತದೆ. ಸೆನ್ಯೊ ಹುಬ್ಬು ಏರಿಸಿ ಸುಮ್ಮನಾದರು. ಅವರ ಬೀದಿಯಲ್ಲಿ ನಾಯಿ ಬೊಗಳಿತು, ನನ್ನ ಫಿಲ್ಟರಿನಲ್ಲಿ ಎರಡು ಹನಿ ಇಳಿದವು. ‘ಎಸ್ತೊಯ್, ಎಸ್ತೊಯ್ ಕನ್ಸಾದೊ’ ಎಂದೆ. ಅವರು ತಲೆಯಾಡಿಸಿದರು. ಸುಸ್ತು ಇರಲಿ, ಮನೆಗೆಲಸಕ್ಕೆ ಕೊಟ್ಟ ಹತ್ತು ವಾಕ್ಯಗಳೆಲ್ಲಿ ಎಂದು ಕೇಳಿದರು.

‘ಫೀಹೆಸೆ ಕೆ, ಸೆನ್ಯೊ...’ ಎಂದು ಶುರುಮಾಡಿದೆ.