ಹೆಗಲ ಮೇಲಿಂದ ಇಣುಕುವವರು

ದಾವಣಗೆರೆಯ ಹಳೇ ಬಸ್ ನಿಲ್ದಾಣದ ಹತ್ತಿರ ನಾನು ದೋಸೆ ತಿನ್ನೋಕೆ ಹೋಗುವ ಒಂದು ಸಣ್ಣ ಹೋಟೆಲಿದೆ. ಬೆಳಿಗ್ಗೆ ಒಂದೇ ಒಂದು ಪೇಪರ್ ಬರುತ್ತದೆ. ಎಂಟು ಗಂಟೆ ಹೊತ್ತಿಗೆ ಅದು ಒಂದು ಪೇಪರ್ ಆಗಿ ಉಳಿದಿರುವುದಿಲ್ಲ. ಮುಖಪುಟ ಗಲ್ಲಾ ಪೆಟ್ಟಿಗೆ ಹತ್ತಿರ, ಕ್ರೀಡಾ ಪುಟ ಕೈ ತೊಳೆಯುವ ನಲ್ಲಿ ಪಕ್ಕದ ಟೇಬಲ್‌ನಲ್ಲಿ, ಜಿಲ್ಲೆಯ ಪುಟ ಇನ್ಯಾರದೋ ಬೆಣ್ಣೆ ಕೈಯಲ್ಲಿ. ಆ ಪುಟ ಓದುತ್ತಿರುವವರ ಹೆಗಲ ಮೇಲಿಂದ ಇಣುಕುತ್ತಾ ಮತ್ತೊಬ್ಬರು. ಪುಟ ಬೇಗ ತಿರುವಿದರೆ "ಸ್ವಲ್ಪ ತಡೀರಿ ಸಾರ್" ಅಂತ ಹಕ್ಕಿನಿಂದ ಕೇಳುತ್ತಾರೆ. ಮರುದಿನ ಅದೇ ಪೇಪರ್ ಮಂಡಕ್ಕಿ ಪೊಟ್ಟಣವಾಗಿ ಇನ್ಯಾರದೋ ಕೈ ಸೇರುತ್ತದೆ. ಮಂಡಕ್ಕಿ ಖಾಲಿಯಾದ ಮೇಲೆ ಅದನ್ನೂ ಬಿಡಿಸಿ ಓದುವವರಿದ್ದಾರೆ.

ಹಾಗಾದರೆ ಆ ಪೇಪರಿಗೆ ಓದುಗರು ಎಷ್ಟು ಜನ?

ಪತ್ರಿಕೋದ್ಯಮದ ಡಿಗ್ರಿ ಹುಡುಗರಿಗೆ 'ಪ್ರೇಕ್ಷಕರ ಅಧ್ಯಯನ' ಪಾಠ ಶುರು ಮಾಡುವಾಗ ನಾನು ಕೇಳುವ ಮೊದಲ ಪ್ರಶ್ನೆ ಇದು. ಎರಡನೇ ಪ್ರಶ್ನೆ ಕೇಳಿದಾಗ ಹಿಂದಿನ ಬೆಂಚುಗಳು ಎಚ್ಚರವಾಗುತ್ತವೆ: ಹಾಸ್ಟೆಲಿನಲ್ಲಿ ಒಂದು ಮೊಬೈಲಲ್ಲಿ ಬಿಜಿಎಂಐ ಅನ್ನೋ ಗುಂಡಿನ ಕಾಳಗದ ಗೇಮ್ ನಡೀತಿದೆ, ಒಬ್ಬ ಆಡ್ತಿದಾನೆ, ಮೂವರು ನೋಡ್ತಿದಾರೆ. ಆ ಗೇಮಿಗೆ ಪ್ರೇಕ್ಷಕರು ಎಷ್ಟು ಜನ?

ಸುದ್ದಿ ಮತ್ತು ವಿಡಿಯೋ ಗೇಮ್ ಎರಡನ್ನೂ ಒಂದೇ ತರಗತಿಯಲ್ಲಿ ಇಟ್ಟರೆ ಹಿರಿಯರಿಗೆ ಮುಜುಗರವಾಗುತ್ತದೆ. ಒಂದು ಘನವಾದದ್ದು, ಇನ್ನೊಂದು ಹುಡುಗಾಟ ಅಲ್ವಾ? ಆದರೆ ಇಂಗ್ಲೆಂಡಿನಲ್ಲಿ ನಮ್ಮ ಪಿಯುಸಿಯಂಥ ಎ ಲೆವೆಲ್‌ನ ಮಾಧ್ಯಮ ಪಠ್ಯದಲ್ಲಿ ಗಾರ್ಡಿಯನ್, ಡೈಲಿ ಮೇಲ್ ಪತ್ರಿಕೆಗಳ ಜೊತೆ, ಚೌಕಗಳನ್ನು ಜೋಡಿಸಿ ಲೋಕ ಕಟ್ಟುವ ಮೈನ್‌ಕ್ರಾಫ್ಟ್ ಗೇಮನ್ನೂ ಓದಿಸಿದ ಪರೀಕ್ಷಾ ಬೋರ್ಡ್ ಇದೆ. ಗೇಮ್ ಆಡೋದು ಹೇಗೆ ಅಂತಲ್ಲ. ಅದನ್ನು ಯಾರು ಮಾಡುತ್ತಾರೆ, ಯಾರಿಗೆ ಮಾರುತ್ತಾರೆ, ಆಡುವವರು ಅದನ್ನು ಏನು ಮಾಡಿಕೊಳ್ಳುತ್ತಾರೆ ಅಂತ. ಈ ಕೊನೆಯ ಪ್ರಶ್ನೆಗೆ ಬರೋಕೆ ಪಂಡಿತರಿಗೆ ಬಹಳ ವರ್ಷ ಹಿಡಿಯಿತು.

ಶುರುವಿನಲ್ಲಿದ್ದದ್ದು ಬರೀ ಭಯ. 1938ರ ಅಕ್ಟೋಬರ್ 30ರಂದು ಅಮೆರಿಕದ ರೇಡಿಯೋದಲ್ಲಿ ಆರ್ಸನ್ ವೆಲ್ಸ್ ಒಂದು ನಾಟಕ ಮಾಡಿದ. ಮಂಗಳ ಗ್ರಹದವರು ದಾಳಿ ಮಾಡಿದ್ದಾರೆ ಅಂತ ಸುದ್ದಿ ಓದುವ ಧಾಟಿಯಲ್ಲೇ ಕಥೆ. ದೇಶವೇ ದಿಕ್ಕೆಟ್ಟು ಓಡಿತು ಅಂತ ಮರುದಿನದ ಪೇಪರುಗಳು ಬರೆದವು. ಅದು ಬಹಳ ಉಬ್ಬಿಸಿ ಬರೆದದ್ದು ಅಂತ ಈಗಿನ ಸಂಶೋಧಕರು ಹೇಳುತ್ತಾರೆ. ಹೊಸದಾಗಿ ಬಂದ ರೇಡಿಯೋ ಮೇಲೆ ಪೇಪರಿನವರಿಗೆ ಹೊಟ್ಟೆಕಿಚ್ಚು ಇದ್ದೇ ಇತ್ತು. ಮಾಧ್ಯಮ ಹೇಳಿದ್ದು ಸೂಜಿಮದ್ದಿನ ಹಾಗೆ ಜನರ ಮೈಗೆ ನೇರ ಇಳಿಯುತ್ತದೆ ಅನ್ನುವ ನಂಬಿಕೆ ಆ ಕಾಲದ್ದು. ಇವತ್ತು ಮೊಬೈಲ್ ಗೇಮ್ ಬಗ್ಗೆ ಮನೆಮನೆಯಲ್ಲಿ ನಡೆಯುವ ಮಾತೂ ಹೆಚ್ಚುಕಡಿಮೆ ಅದೇ.

ಸೂಜಿಯನ್ನು ಮುರಿದದ್ದು ಒಂದು ಚುನಾವಣೆ. 1940ರಲ್ಲಿ ರೂಸ್‌ವೆಲ್ಟ್ ಮತ್ತು ವಿಲ್ಕಿ ಅಮೆರಿಕದ ಅಧ್ಯಕ್ಷ ಪದವಿಗೆ ನಿಂತಾಗ ಸಮಾಜ ಸಂಶೋಧಕ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಒಹಾಯೋ ರಾಜ್ಯದ ಈರಿ ಕೌಂಟಿಯಲ್ಲಿ ಸುಮಾರು 600 ಜನರನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಮಾತಾಡಿಸಿದರು. ಪೇಪರ್, ರೇಡಿಯೋ ಜನರ ಮನಸ್ಸು ಬದಲಿಸುತ್ತವೆ ಅಂದುಕೊಂಡು ಹೋಗಿದ್ದರು. ಸಿಕ್ಕಿದ್ದೇ ಬೇರೆ. ಊರಿನಲ್ಲಿ ಜಾಸ್ತಿ ಓದುವ ಕೆಲವರು ಇರುತ್ತಾರೆ, ಉಳಿದವರು ಅವರ ಬಾಯಿಂದ ಕೇಳುತ್ತಾರೆ. ಇದಕ್ಕೆ ಎರಡು ಹಂತದ ಹರಿವು ಅಂತ ಹೆಸರಾಯಿತು. ನಮ್ಮ ಕ್ಷೌರದಂಗಡಿ ಕಂಡವರಿಗೆ ಇದಕ್ಕೆ ಪುಸ್ತಕವೇ ಬೇಕಿರಲಿಲ್ಲ. ಒಬ್ಬ ಜೋರಾಗಿ ಓದುತ್ತಾನೆ, ಮುಖಕ್ಕೆ ಸೋಪು ಹಚ್ಚಿಸಿಕೊಂಡವನು ತಲೆ ಅಲ್ಲಾಡಿಸಲಾಗದೆ ಹೂಂಗುಡುತ್ತಾನೆ.

ಇದಕ್ಕಿಂತ ನನಗೆ ಇಷ್ಟವಾದದ್ದು 1945ರ ನ್ಯೂಯಾರ್ಕಿನ ಕಥೆ. ಪೇಪರ್ ಹಂಚುವವರು ಎರಡು ವಾರಕ್ಕೂ ಹೆಚ್ಚು ಮುಷ್ಕರ ಹೂಡಿದರು. ಬರ್ನಾರ್ಡ್ ಬೆರೆಲ್ಸನ್ ಅನ್ನುವ ಸಂಶೋಧಕ ಜನರ ಹತ್ತಿರ ಹೋಗಿ, ಪೇಪರ್ ಇಲ್ಲದೆ ಏನು ಕಳೆದುಕೊಂಡಿರಿ ಅಂತ ಕೇಳಿಸಿದ. ಎಲ್ಲರೂ ಘನವಾದ ಸುದ್ದಿ ಅಂದರು. ಯಾವ ಸುದ್ದಿ ಅಂತ ಕೆದಕಿದರೆ ಬಹಳ ಜನರಿಗೆ ಹೇಳೋಕೆ ಬರಲಿಲ್ಲ. ನಿಜವಾಗಿ ತಪ್ಪಿದ್ದು ಬೆಳಗಿನ ಅಭ್ಯಾಸ, ನಾಲ್ಕು ಜನರ ಮಧ್ಯೆ ಆಡೋಕೆ ಒಂದು ಮಾತು, ಸುಮ್ನೆ ಕೈಯಲ್ಲಿ ಹಿಡಿಯೋಕೆ ಏನಾದರೊಂದು. ಅದೇ ಮುಷ್ಕರದಲ್ಲಿ ಮೇಯರ್ ಲಾ ಗಾರ್ಡಿಯಾ ರೇಡಿಯೋದಲ್ಲಿ ಕೂತು ಮಕ್ಕಳಿಗೆ ಪೇಪರಿನ ಚಿತ್ರಕಥೆಗಳನ್ನು ಓದಿ ಹೇಳಿದ, ಒಂದೊಂದು ಪಾತ್ರಕ್ಕೂ ದನಿ ಬದಲಿಸುತ್ತಾ. ಒಂದು ಮಹಾನಗರದ ಮೇಯರೇ ಹೆಗಲು ಕೊಟ್ಟು ಊರಿಗೆಲ್ಲ ಇಣುಕಿಸಿದ ಹಾಗೆ. 2020ರ ಲಾಕ್‌ಡೌನ್‌ನಲ್ಲಿ ಪೇಪರ್ ಮುಟ್ಟಿದರೆ ರೋಗ ಬರುತ್ತೆ ಅಂತ ನಿಲ್ಲಿಸಿದವರು, ಆಮೇಲೆ ಚಹಾ ಲೋಟ ಹಿಡಿದು ಬಾಗಿಲಲ್ಲಿ ಸುಮ್ನೆ ನಿಂತಿರುತ್ತಿದ್ದರು. ಬೆರೆಲ್ಸನ್ ಇದ್ದಿದ್ದರೆ ನಮ್ಮ ಓಣಿಗೂ ಬರುತ್ತಿದ್ದ.

ನಮ್ಮ ದೇಶದಲ್ಲಿ ಪ್ರೇಕ್ಷಕರನ್ನು ಹತ್ತಿರ ಕೂತು ನೋಡಿದ ದೊಡ್ಡ ಪ್ರಯತ್ನ ನಡೆದದ್ದು 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ. ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಯ ಹಳ್ಳಿಗಳು. ಊರಿಗೆಲ್ಲ ಒಂದು ಪೆಟ್ಟಿಗೆ, ಅದರ ಮುಂದೆ ಇಡೀ ಊರು. ಸಂಶೋಧಕರು ಕೆಲವು ಹಳ್ಳಿಗಳಲ್ಲಿ ಉಳಿದುಕೊಂಡೇ ಯಾರು ಬರುತ್ತಾರೆ, ಯಾರು ಎದ್ದು ಹೋಗುತ್ತಾರೆ ಅಂತ ಬರೆದಿಟ್ಟರು.

ಅದೇ ಹೊತ್ತಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸ್ಟುವರ್ಟ್ ಹಾಲ್ ಅನ್ನುವ ಚಿಂತಕ, ಜಮೈಕಾದಲ್ಲಿ ಹುಟ್ಟಿದವನು, ಇನ್ನೊಂದು ಮಾತು ಹೇಳಿದ್ದ. 1973ರ ಅವನ ಪ್ರಬಂಧದ ಪ್ರಕಾರ ಸುದ್ದಿ ಕೊಡುವವನು ಒಂದು ಅರ್ಥ ಕಟ್ಟಿ ಕಳಿಸುತ್ತಾನೆ. ಬಿಚ್ಚುವವನು ಹಾಗೇ ಬಿಚ್ಚಬೇಕು ಅಂತೇನಿಲ್ಲ, ಮೂರು ಥರ ಬಿಚ್ಚಬಹುದು. ತರಗತಿಯಲ್ಲಿ ಇದನ್ನು ಇಂಗ್ಲಿಷ್ ಹೆಸರುಗಳಲ್ಲಿ ಬಾಯಿಪಾಠ ಮಾಡಿಸಿದರೆ ಪರೀಕ್ಷೆ ಮರುದಿನ ಮರೆತುಹೋಗುತ್ತದೆ. ನಾನು ಒಂದು ತಲೆಬರಹ ಬರೆಯುತ್ತೇನೆ: 'ಭದ್ರಾ ನಾಲೆಗೆ ಇಂದಿನಿಂದ ನೀರು'. ಪೇಟೆಯೊಳಗಿನ ವಿದ್ಯಾನಗರದ ಹುಡುಗ "ಒಳ್ಳೇದಾಯ್ತು" ಅಂತಾನೆ. ನಾಲೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆ ಇರುವ ಮನೆಯವನು "ಬಿಡೋದು ಬಿಡ್ತಾರೆ, ಎಷ್ಟು ದಿನ ಅಂತ ಬರೆದಿಲ್ವಲ್ಲ" ಅಂತಾನೆ. ಕೊನೇ ಭಾಗದ ಹಳ್ಳಿಯವಳು ನಗುತ್ತಾಳೆ: "ನಮ್ಮ ಹೊಲಕ್ಕೆ ಬಂದಾಗ ಫೋಟೋ ಹಾಕ್ಲಿ ಸಾರ್." ಒಪ್ಪಿದ್ದು, ಅರ್ಧ ಒಪ್ಪಿದ್ದು, ತಿರುಗಿಬಿದ್ದದ್ದು. ಹಾಲ್ ಹೇಳಿದ ಮೂರೂ ಓದು ಒಂದೇ ಬೆಂಚಿನಲ್ಲಿ.

ಇನ್ನು ಗೇಮ್. ತೊಂಬತ್ತರ ದಶಕದಲ್ಲಿ ನಮ್ಮ ಓಣಿಯಲ್ಲಿ ಒಂದು ಗೇಮ್ ಅಂಗಡಿ ಇತ್ತು. ಹಳೇ ಟಿವಿ, ಎರಡು ಜಾಯ್‌ಸ್ಟಿಕ್, '9999 ಇನ್ 1' ಅಂತ ಸುಳ್ಳು ಬರೆದ ಕ್ಯಾಸೆಟ್. ಚಿತ್ರ ನಡುಗಿದರೆ ಕ್ಯಾಸೆಟ್ ಕಿತ್ತು ಉಫ್ ಅಂತ ಊದಿ ಮತ್ತೆ ಹಾಕೋದು. ಒಂದು ರೂಪಾಯಿ ಕೊಟ್ಟು ಆಡುವವರು ಇಬ್ಬರು, ಕಾಸಿಲ್ಲದೆ ಹಿಂದೆ ನಿಂತವರು ಹತ್ತು ಜನ. ನಾನು ಹೆಚ್ಚು ಕಾಲ ಹತ್ತರಲ್ಲೇ ಇದ್ದವನು. "ಎಗರೋ, ಎಗರೋ!" ಅಂತ ಕೂಗಿದ್ದಕ್ಕೆ ಮಾರಿಯೋ ಎಗರಿದ್ದು ಅಂತ ಇವತ್ತಿಗೂ ನಂಬಿದ್ದೇನೆ.

ಅಮೆರಿಕದಲ್ಲಿ ಆ ಹೊತ್ತಿಗೆ ಭಯ ಸೆನೆಟ್ ತನಕ ಹೋಗಿತ್ತು. ಮಾರ್ಟಲ್ ಕಾಂಬ್ಯಾಟ್ ಅನ್ನುವ ಹೊಡೆದಾಟದ ಗೇಮಿನ ರಕ್ತ ನೋಡಿ 1993ರಲ್ಲಿ ವಿಚಾರಣೆ ನಡೆಯಿತು. 1994ರಲ್ಲಿ ಗೇಮಿಗೆ ವಯಸ್ಸಿನ ಗುರುತು ಹಾಕುವ ಸಂಸ್ಥೆ ಬಂತು. 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಪುಸ್ತಕಕ್ಕಿರುವ ವಾಕ್ ಸ್ವಾತಂತ್ರ್ಯದ ರಕ್ಷಣೆ ಗೇಮಿಗೂ ಇದೆ ಅಂದಿತು. ಆಡುವವರನ್ನೇ ಕೇಳಿದವನು ಮಾತ್ರ ರಿಚರ್ಡ್ ಬಾರ್ಟಲ್. 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಶುರುವಾದ, ಬರೀ ಅಕ್ಷರಗಳಲ್ಲಿ ನಡೆಯುವ ಗೇಮೊಂದನ್ನು ಕಟ್ಟಿದವರಲ್ಲಿ ಅವನೂ ಒಬ್ಬ. 1996ರಲ್ಲಿ ಆಟಗಾರರನ್ನು ಇಸ್ಪೀಟೆಲೆಯ ಹಾಗೆ ನಾಲ್ಕು ಜಾತಿ ಮಾಡಿದ. ಅಂಕದ ಹಿಂದೆ ಬಿದ್ದವರು ಡೈಮನ್. ಮೂಲೆಮೂಲೆ ಅಗೆದು ನೋಡುವವರು ಇಸ್ಪೀಟು. ಹರಟೆಗೆ ಬಂದವರು ಆಟೀನು. ಇನ್ನೊಬ್ಬರನ್ನು ಕಾಡೋದೇ ಖುಷಿ ಅನ್ನುವವರು ಕಳಾವರ. ತರಗತಿಯಲ್ಲಿ ಇದನ್ನು ಹೇಳಿದ ಕೂಡಲೇ ಪಕ್ಕದವರನ್ನು ತೋರಿಸಿ "ಇವ್ನು ಕಳಾವರ ಸಾರ್" ಅಂತ ಶುರುವಾಗುತ್ತದೆ.

ಆದರೆ ಈ ನಾಲ್ಕೆಲೆಯಲ್ಲಿ ನನ್ನಂಥವನಿಗೆ ಜಾಗವಿಲ್ಲ. ಹಿಂದೆ ನಿಂತವರು ಯಾವ ಎಲೆ?

ನಮ್ಮಲ್ಲಿ ಇದರ ಚರ್ಚೆ ಜೋರಾದದ್ದು 2018ರಲ್ಲಿ ಪಬ್‌ಜಿ ಮೊಬೈಲಿಗೆ ಬಂದ ಮೇಲೆ. ಜಿಯೋ ಬಂದು ಡೇಟಾ ಅಗ್ಗವಾಗಿ ಎರಡು ವರ್ಷವಾಗಿತ್ತು. 2019ರಲ್ಲಿ ಗುಜರಾತಿನ ರಾಜ್‌ಕೋಟ್‌ನಲ್ಲಿ ಪೊಲೀಸರು ಗೇಮನ್ನು ನಿಷೇಧಿಸಿ, ಆಡಿದ ಹುಡುಗರನ್ನು ಹಿಡಿದರು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಸೇರಿ 118 ಆ್ಯಪ್ ನಿಷೇಧಿಸಿದಾಗ ಎಷ್ಟೋ ಅಪ್ಪಂದಿರು ಮಕ್ಕಳ ಓದಿಗಾಗಿ ಮಾಡಿದ್ದು ಅಂದುಕೊಂಡರು. ಸರ್ಕಾರ ಕೊಟ್ಟ ಕಾರಣ ದೇಶದ ಭದ್ರತೆ ಮತ್ತು ಡೇಟಾ. 2021ರಲ್ಲಿ ಅದೇ ಗೇಮ್ ಬಿಜಿಎಂಐ ಅಂತ ಹೆಸರು ಬದಲಿಸಿಕೊಂಡು ಬಂತು, 18 ವರ್ಷದೊಳಗಿನವರಿಗೆ ದಿನಕ್ಕೆ ಮೂರು ಗಂಟೆ ಅನ್ನುವ ಮಿತಿಯೊಂದಿಗೆ.

ಗೊಂದಲ ಹೆಚ್ಚಿಸಿದ್ದು 'ಆನ್‌ಲೈನ್ ಗೇಮ್' ಅನ್ನುವ ಹೆಸರು. ದುಡ್ಡು ಕಟ್ಟಿ ಆಡುವ ರಮ್ಮಿಗೂ ಅದೇ, ಕಟ್ಟದೆ ಆಡುವುದಕ್ಕೂ ಅದೇ. ನಮ್ಮ ರಾಜ್ಯ 2021ರಲ್ಲಿ ಬಾಜಿಯ ಆಟಗಳ ವಿರುದ್ಧ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡಿನ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನು, ಅಂದರೆ ಗೇಮಿನ ಸ್ಪರ್ಧೆಗಳನ್ನು, ಬೇರೆ ಮಾಡಿ ಮಾನ್ಯ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ ಗೇಮಿನ ಗೀಳನ್ನು ಕಾಯಿಲೆಯ ಪಟ್ಟಿಗೆ ಸೇರಿಸಿದ್ದು ನಿಜ, 2022ರಿಂದ ಅದು ಜಾರಿಯಲ್ಲಿದೆ. ಆದರೆ ಹಿಡಿತ ತಪ್ಪಿರಬೇಕು, ಬದುಕೇ ಕೆಟ್ಟಿರಬೇಕು, ಸಾಮಾನ್ಯವಾಗಿ ಒಂದು ವರ್ಷವಾದರೂ ಹಾಗಿರಬೇಕು. ರಾತ್ರಿ ಹನ್ನೊಂದರ ತನಕ ಆಡಿದ ಮಗನಿಗೆಲ್ಲ ಆ ಹೆಸರು ಅಂಟಿಸಿದರೆ ಹೇಗೆ?

ಹಿಂದೆ ನಿಂತವರನ್ನು ಕೊನೆಗೆ ಲೆಕ್ಕಕ್ಕೆ ತಂದದ್ದು ಪಂಡಿತರಲ್ಲ, ವ್ಯಾಪಾರಿಗಳು. ಇನ್ನೊಬ್ಬರು ಗೇಮ್ ಆಡೋದನ್ನು ನೋಡುವ ಟ್ವಿಚ್ ಜಾಲತಾಣ 2011ರಲ್ಲಿ ಶುರುವಾಯಿತು. ಮೂರೇ ವರ್ಷಕ್ಕೆ ಅಮೆಜಾನ್ ಕೊಂಡುಕೊಂಡಿತು. ಪೇಪರಿನ ವಿಷಯದಲ್ಲೂ ಹೀಗೇ ಆಗಿತ್ತು. ನಮ್ಮ ದೇಶದಲ್ಲಿ ಪ್ರತಿಗಳ ಲೆಕ್ಕ ಇಡುವ ಎಬಿಸಿ ಸಂಸ್ಥೆ 1948ರಲ್ಲೇ ಬಂತು. ಆದರೆ ಒಂದು ಪ್ರತಿಯನ್ನು ಎಷ್ಟು ಜನ ಓದುತ್ತಾರೆ ಅನ್ನುವ ಸಮೀಕ್ಷೆ ಬೇಕಾದದ್ದು ಜಾಹೀರಾತು ಕೊಡುವವರಿಗೆ. ಮಾಧ್ಯಮ ಪಂಡಿತ ಡಲಾಸ್ ಸ್ಮೈಥ್ 1977ರಲ್ಲೇ ಖಡಕ್ಕಾಗಿ ಹೇಳಿದ್ದ: ಮಾಧ್ಯಮದವರು ಮಾರುವ ಸರಕು ಪ್ರೇಕ್ಷಕರೇ. ಸರಕಿನ ತೂಕದಲ್ಲಿ ಮೋಸ ಅಂತ ಗಲಾಟೆಯಾಗಿ, 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ನಮ್ಮ ದೇಶದ ನ್ಯೂಸ್ ಚಾನೆಲ್‌ಗಳ ವಾರದ ರೇಟಿಂಗೇ ನಿಂತುಹೋಗಿತ್ತು.

ಸುದ್ದಿ ಮತ್ತು ಗೇಮ್ ನಡುವಿನ ಗೋಡೆಯೂ ಅಷ್ಟೇನು ಗಟ್ಟಿಯಲ್ಲ. 2020ರ ಮಾರ್ಚ್ 12ರಂದು 'ಗಡಿಯಿಲ್ಲದ ವರದಿಗಾರರು' ಸಂಸ್ಥೆ ಮೈನ್‌ಕ್ರಾಫ್ಟ್ ಒಳಗೆ ಒಂದು ದೊಡ್ಡ ಗ್ರಂಥಾಲಯ ಕಟ್ಟಿಸಿತು. ತಮ್ಮ ದೇಶದಲ್ಲಿ ಬಾಯಿ ಮುಚ್ಚಿಸಲ್ಪಟ್ಟ ಪತ್ರಕರ್ತರ ಬರಹಗಳನ್ನು ಗೇಮಿನ ಪುಸ್ತಕಗಳಾಗಿ ಅಲ್ಲಿಟ್ಟರು. ಕೊಲೆಯಾದ ಸೌದಿ ಪತ್ರಕರ್ತ ಜಮಾಲ್ ಖಶೋಗಿಯ ಬರಹವೂ ಇದೆ. ಪೇಪರ್ ತಡೆಯುವ ಸರ್ಕಾರಕ್ಕೆ ಮಕ್ಕಳ ಆಟದೊಳಗೂ ಪೇಪರ್ ಇರಬಹುದು ಅಂತ ಹೊಳೆಯಲಿಲ್ಲ. ಇದನ್ನು ಪರದೆ ಮೇಲೆ ತೋರಿಸಿದ ದಿನ ಹುಡುಗರು ಗಂಟೆ ಹೊಡೆದರೂ ಏಳಲಿಲ್ಲ.

ಈ ಸಲ ಎಲ್ಲರಿಗೂ ಒಂದು ಹಾಳೆ ಕೊಟ್ಟು ಕಳಿಸಿದ್ದೆ. ಒಂದು ಗಂಟೆ ಎಲ್ಲಾದರೂ ಕೂತು, ಸುದ್ದಿಯೋ ಗೇಮೋ, ಯಾರು ಏನು ಮಾಡಿದರು ಅಂತ ಬರೀರಿ. ಹಾಳೆಯಲ್ಲಿ ಎರಡು ಕಾಲಂ: 'ಆಡುವವರು/ಓದುವವರು' ಮತ್ತು 'ನೋಡುವವರು'. ಹೊನ್ನಾಳಿ ಕಡೆಯ ಹುಡುಗಿಯೊಬ್ಬಳು ಮನೆಯಲ್ಲೇ ಕೂತು ಬರೆದಿದ್ದಳು. ಜಗುಲಿ ಮೇಲೆ ಅವಳ ತಮ್ಮ ಬಿಜಿಎಂಐ ಆಡುತ್ತಿದ್ದಾನೆ. ಪಕ್ಕದಲ್ಲಿ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಾಳೆ. ಮೊದಲ ಹತ್ತು ನಿಮಿಷ ಅಜ್ಜಿ ಬೈದಳು. ಆಮೇಲೆ ಸುಲಿಯುತ್ತಲೇ ಇಣುಕಿದಳು. ಇಪ್ಪತ್ತನೇ ನಿಮಿಷಕ್ಕೆ ಕಾಯಿ ಕೈಯಲ್ಲೇ ಉಳಿಯಿತು. "ಲೋ, ಆ ಗಿಡದ ಹಿಂದೆ ಒಬ್ಬ ಕೂತಾನೆ ನೋಡೋ!" ತಮ್ಮ ತಿರುಗಿ ಗುಂಡು ಹೊಡೆದ. ಗಿಡದ ಹಿಂದಿನವನು ಬಿದ್ದ.

ಅಜ್ಜಿಯ ಹೆಸರನ್ನು ಅವಳು ಮೊದಲು 'ನೋಡುವವರು' ಕಾಲಂನಲ್ಲಿ ಬರೆದು ಹೊಡೆದು ಹಾಕಿದ್ದಾಳೆ. ಆಮೇಲೆ 'ಆಡುವವರು' ಕಾಲಂನಲ್ಲಿ ಬರೆದು ಅದನ್ನೂ ಹೊಡೆದು ಹಾಕಿದ್ದಾಳೆ. ಕೊನೆಗೆ ಹಾಳೆಯ ಅಂಚಿನಲ್ಲಿ ಸ್ಕೇಲ್ ಇಟ್ಟು ಮೂರನೇ ಕಾಲಂ ಗೆರೆ ಎಳೆದು ಅಜ್ಜಿಯನ್ನು ಅಲ್ಲಿ ಕೂರಿಸಿದ್ದಾಳೆ. ಕಾಲಂ ತಲೆಗೆ ಹೆಸರು ಬರೆದಿಲ್ಲ.